ಸೆರೆಮನೆಯೊಳಗಿನ ಹಿಂಸೆ ತಗ್ಗುವ ಬಗೆ: ಗಡಿನಾಡ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

2015ರ ನವೆಂಬರ್ ತಿಂಗಳ ಮೊದಲ ವಾರದಲ್ಲಿ ಮಂಗಳೂರಿನ ಜಿಲ್ಲಾ ಕಾರಾಗೃಹದೊಳಗೆ ಕೈದಿಗಳ ಗುಂಪು ನಡೆಸಿದ ಹಲ್ಲೆಯಲ್ಲಿ ಇಬ್ಬರು ಕೈದಿಗಳು ಹತರಾದರು. ಎತ್ತರದ ಗೋಡೆ, ಕಬ್ಬಿಣದ ಬಾಗಿಲು, ಹಗಲಿರುಳಿನ ಪಹರೆ ಎಲ್ಲವೂ ಇದ್ದ ಸ್ಥಳದಲ್ಲಿ, ತಾನೇ ವಶಕ್ಕೆ ತೆಗೆದುಕೊಂಡಿದ್ದ ಇಬ್ಬರ ಜೀವವನ್ನು ಸರ್ಕಾರ ಉಳಿಸಲಾಗಲಿಲ್ಲ. ಗಡಿಯ ಈಚೆಗಿನ ಕಾಸರಗೋಡು, ಮಂಜೇಶ್ವರಗಳಲ್ಲಿ ಆ ಸುದ್ದಿ ನಾಲ್ಕು ದಿನ ಮಾತಾಯಿತು. ಒಳಗಿರುವವರು ಹೊಡೆದಾಡಿಕೊಂಡರೆ ಹೊರಗಿರುವ ನಮಗೇನು ಎಂಬಲ್ಲಿಗೆ ಮಾತು ಮುಗಿಯಿತು.

ಶಾಲೆ, ಪಠ್ಯಪುಸ್ತಕ, ಕನ್ನಡ ಬಲ್ಲ ಶಿಕ್ಷಕರ ನೇಮಕಾತಿ ಇವುಗಳ ಬಗ್ಗೆಯೇ ಹೆಚ್ಚಾಗಿ ಬರೆಯುವ ನಾವು ಇಂದು ಸೆರೆಮನೆಯ ವಿಷಯವನ್ನು ಎತ್ತಿಕೊಂಡದ್ದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ, ಮಗುವಿನ ಹಾಜರಾತಿಯ ವಿಚಾರವಾಗಿ ಶಾಲೆಗೆ ಬಂದ ತಾಯಿಯೊಬ್ಬರು ಮಡಚಿ ತಂದಿದ್ದ ಕಾಗದವೊಂದನ್ನು ನಮ್ಮ ಮುಂದಿಟ್ಟರು. ಮಲಯಾಳದಲ್ಲಿದ್ದ ಆ ಕಾಗದವನ್ನು ದಂಡ ಕಟ್ಟುವ ನೋಟೀಸೆಂದು ಭಾವಿಸಿ, ಹೆದರಿ, ಐದು ವಾರ ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟಿದ್ದರು. ಓದಿ ನೋಡಿದರೆ, ವಿಚಾರಣಾಧೀನ ಕೈದಿಯಾಗಿ ಒಳಗಿದ್ದ ಅವರ ಗಂಡನಿಗೆ ಉಚಿತವಾಗಿ ವಕೀಲರನ್ನು ಗೊತ್ತುಮಾಡಲಾಗಿದೆ, ಮನೆಯವರು ಬಂದು ಭೇಟಿಯಾಗಬೇಕು ಎಂದಿತ್ತು. ಆ ಐದು ವಾರಗಳಲ್ಲಿ ಆತ ಒಳಗೆ ಪೆಟ್ಟು ತಿಂದಿದ್ದ ಸಂಗತಿ, ಜಾಮೀನಿನ ಮೇಲೆ ಹೊರಬಂದ ಬಳಿಕವೇ ನಮಗೆ ತಿಳಿಯಿತು. ಮನೆಯಿಂದ ಹಣ ಬಾರದವನು, ಅಲ್ಲಿಯ ಮಾತು ನೆಟ್ಟಗೆ ತಿಳಿಯದವನು ಎಂಬ ಎರಡು ಕಾರಣಗಳೇ ಅವನನ್ನು ಹೊಡೆಯುವವರಿಗೆ ಸಾಕಾಗಿದ್ದವು. ಅವನ ಮಗು ಅಷ್ಟೂ ದಿನ ಶಾಲೆ ತಪ್ಪಿಸಿದ್ದು, ಸಹಪಾಠಿಗಳು ಕೇಳುವ ಪ್ರಶ್ನೆಗೆ ಹೆದರಿ.

ಆದುದರಿಂದ ಸೆರೆಮನೆಯೊಳಗಿನ ಹಿಂಸೆ ಏಕೆ ಹುಟ್ಟುತ್ತದೆ, ಅದು ಎಲ್ಲಿ ತಗ್ಗಿದೆ, ಅದರಲ್ಲಿ ಭಾಷೆಯ ಪಾತ್ರವೇನು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಒಳಗಿರುವವರು ಯಾರು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ 2022ರ ವರದಿಯಂತೆ ದೇಶದಲ್ಲಿ 1,330 ಕಾರಾಗೃಹಗಳಿದ್ದವು. ಅವುಗಳಲ್ಲಿ 4,36,266 ಮಂದಿಗೆ ಸ್ಥಳವಿತ್ತು, ಇದ್ದವರು 5,73,220. ನೂರು ಮಂದಿಯ ಜಾಗದಲ್ಲಿ ನೂರಮೂವತ್ತೊಂದು ಮಂದಿ ಎಂದು ಲೆಕ್ಕ. ಇದು ಇಡೀ ದೇಶದ ಸರಾಸರಿ ಮಾತ್ರ. ಜಿಲ್ಲಾ ಕಾರಾಗೃಹಗಳಲ್ಲಿ ಹಲವು ಇದಕ್ಕಿಂತಲೂ ಇಕ್ಕಟ್ಟಾಗಿವೆ.

ಇನ್ನೂ ಮುಖ್ಯವಾದ ಅಂಕಿ ಬೇರೊಂದಿದೆ. ಒಳಗಿದ್ದವರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಇವರಲ್ಲಿ ಎಷ್ಟೋ ಮಂದಿ ಮುಂದೆ ನಿರ್ದೋಷಿಗಳೆಂದು ಬಿಡುಗಡೆಯಾಗುವವರು. ಎಷ್ಟೋ ಮಂದಿ ಜಾಮೀನು ಸಿಕ್ಕಿಯೂ ಜಾಮೀನುದಾರರಿಲ್ಲದೆ ಉಳಿದವರು. 'ಮಾಡಿದ್ದುಣ್ಣೋ ಮಹರಾಯ' ಎಂದು ಕೈತೊಳೆದುಕೊಳ್ಳುವ ಮುನ್ನ, ಉಣ್ಣುತ್ತಿರುವವರು ಮಾಡಿದವರೇ ಎಂಬುದು ಇನ್ನೂ ನಿಶ್ಚಯವಾಗಿಲ್ಲ ಎಂಬುದನ್ನು ನಾವು ನೆನೆಯಬೇಕು. ಅಪರಾಧ ಸಾಬೀತಾದವರಿಗೂ ನ್ಯಾಯಾಲಯ ವಿಧಿಸಿರುವುದು ಸ್ವಾತಂತ್ರ್ಯದ ಹರಣವನ್ನಷ್ಟೆ. ಸಹಕೈದಿಯ ಏಟು, ವಾರ್ಡರನ ಲಾಠಿ ಯಾವ ತೀರ್ಪಿನಲ್ಲಿಯೂ ಬರೆದಿಲ್ಲ.

ಹಿಂಸೆಯೆಂದರೆ ಗುಂಪುಗಳ ಕಾದಾಟವಷ್ಟೇ ಎಂದು ತಿಳಿಯಲಾಗದು. ಅದೇ ವರದಿಯಲ್ಲಿ ದಾಖಲಾದ 159 ಅಸಹಜ ಸಾವುಗಳಲ್ಲಿ 119 ಆತ್ಮಹತ್ಯೆಗಳು. ಪರರ ಕೈಯಿಂದ ಸತ್ತವರಿಗಿಂತ ತಮ್ಮ ಕೈಯಾರೆ ಸತ್ತವರೇ ಅಲ್ಲಿ ಬಹಳ ಹೆಚ್ಚು. ಹೊಡೆತ, ಸುಲಿಗೆ, ಲೈಂಗಿಕ ದೌರ್ಜನ್ಯ, ಅವಮಾನ, ಒಂಟಿತನ ಇವೆಲ್ಲವೂ ಒಂದೇ ಬೇರಿನ ಕವಲುಗಳು. ಹೊರಗೆ ವರದಿಯಾಗುವುದು ಕೊನೆಯ ಕವಲಷ್ಟೆ.

ಹಿಂಸೆ ಹುಟ್ಟುವ ಬಗೆ

ಸೆರೆಮನೆಯಲ್ಲಿ ಹಿಂಸೆ ಹೆಚ್ಚಾಗಿ ದೊಡ್ಡ ವಿಷಯಗಳಿಗೆ ಹುಟ್ಟುವುದಿಲ್ಲ. ಮಲಗಲು ಒಂದು ಮೊಳ ಜಾಗ, ಬೆಳಗಿನ ನೀರಿನ ಸರದಿ, ಶೌಚದ ಸಾಲು, ಮನೆಗೆ ಎರಡು ನಿಮಿಷ ಮಾತನಾಡಲು ದೂರವಾಣಿ, ಒಂದು ಬೀಡಿ, ಒಂದು ನೋವಿನ ಮಾತ್ರೆ ಇಂಥವಕ್ಕೆ ಹುಟ್ಟುತ್ತದೆ. ಮನುಷ್ಯನಿಗೆ ದಿನವೂ ಬೇಕಾದ ವಸ್ತುವೊಂದು ನಿಯಮದಂತೆ ಎಲ್ಲರಿಗೂ ಸಿಗುತ್ತಿದ್ದರೆ ಅದಕ್ಕಾಗಿ ಯಾರೂ ಬಲಶಾಲಿಯ ಕಾಲಿಗೆ ಬೀಳುವುದಿಲ್ಲ. ಸಿಗದೆ ಹೋದಾಗ ಅದನ್ನು ಕೊಡಿಸಬಲ್ಲವನು ಅಲ್ಲಿಯ ಒಡೆಯನಾಗುತ್ತಾನೆ. ಅವನಿಗೆ ಹಿಂಬಾಲಕರು ಹುಟ್ಟುತ್ತಾರೆ, ಸಾಲ ಹುಟ್ಟುತ್ತದೆ, ಸಾಲ ತೀರಿಸದವನಿಗೆ ಶಿಕ್ಷೆ ಹುಟ್ಟುತ್ತದೆ. ಕಾನೂನಿನ ದೂರವಾಣಿ ಎಷ್ಟು ದುರ್ಲಭವೋ ಕಳ್ಳ ಮೊಬೈಲಿನ ಬಾಡಿಗೆ ಅಷ್ಟು ಏರುತ್ತದೆ. ಆ ಬಾಡಿಗೆಯ ಹಣ ಹೊರಗಿನ ಬಡ ಕುಟುಂಬವೊಂದರ ತಾಳಿಯನ್ನೋ ಆಡನ್ನೋ ಮಾರಿಸಿ ಬರುತ್ತದೆ.

ಇಕ್ಕಟ್ಟು ಈ ವ್ಯಾಪಾರವನ್ನು ಬೆಳೆಸುತ್ತದೆ. ಸಿಬ್ಬಂದಿಯ ಕೊರತೆ ಅದಕ್ಕೆ ರಕ್ಷಣೆ ಕೊಡುತ್ತದೆ. ಮಂಜೂರಾದ ಹುದ್ದೆಗಳಲ್ಲಿ ದೊಡ್ಡ ಪಾಲು ಹಲವು ರಾಜ್ಯಗಳಲ್ಲಿ ಖಾಲಿಯಿದೆ. ನೂರಾರು ಮಂದಿಯ ಬ್ಯಾರಕ್ಕನ್ನು ರಾತ್ರಿ ಒಬ್ಬಿಬ್ಬರು ಕಾಯಬೇಕಾದಾಗ, ಒಳಗಿನ ಶಾಂತಿಯನ್ನು ಬಲಿಷ್ಠ ಕೈದಿಗಳ ಕೈಗೊಪ್ಪಿಸಿ ಕಣ್ಣುಮುಚ್ಚಿಕೊಳ್ಳುವ ಪರಿಪಾಠ ಬೆಳೆಯುತ್ತದೆ.

ಶಾಲೆಯಲ್ಲಿ ಕೆಲಸ ಮಾಡುವ ನಮಗೆ ಇದು ಹೊಸದಲ್ಲ. ಎರಡು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ದಿನ, ಒಂದು ತರಗತಿಯ ಬೆತ್ತವನ್ನು ಅಲ್ಲಿಯ ಗಟ್ಟಿ ಹುಡುಗನೊಬ್ಬನ ಕೈಗೆ ಕೊಟ್ಟು ಹೋದರೆ ಗದ್ದಲ ನಿಲ್ಲುತ್ತದೆ. ಗದ್ದಲ ನಿಂತಿತೆಂದು ನಾವು ಸಮಾಧಾನಪಡುತ್ತೇವೆ. ಆ ಮೌನದೊಳಗೆ ಯಾರ ಬುತ್ತಿ ಯಾರ ಪಾಲಾಯಿತು, ಯಾವ ಮಗು ಮೇಜಿನ ಕೆಳಗೆ ಗುದ್ದು ತಿಂದಿತು ಎಂಬುದು ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ವಿಶ್ವಸಂಸ್ಥೆ 2015ರ ಡಿಸೆಂಬರಿನಲ್ಲಿ ಅಂಗೀಕರಿಸಿದ, 27 ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾರ ಹೆಸರಿನ 122 ನಿಯಮಗಳಲ್ಲಿ ಒಂದು ಇದನ್ನೇ ಹೇಳುತ್ತದೆ: ಶಿಸ್ತನ್ನು ಜಾರಿಗೊಳಿಸುವ ಯಾವ ಕೆಲಸಕ್ಕೂ ಕೈದಿಯನ್ನು ನೇಮಿಸಬಾರದು.

ಇನ್ನೊಂದು ಬೇರು ನಮ್ಮ ಸಮಾಜದಿಂದಲೇ ಒಳಕ್ಕೆ ಇಳಿದಿದೆ. ಗುಡಿಸುವ, ಶೌಚಾಲಯ ತೊಳೆಯುವ ಕೆಲಸವನ್ನು ಕೆಲವು ಜಾತಿಗಳಿಗೆ, ಅಡುಗೆಯನ್ನು ಬೇರೆ ಜಾತಿಗಳಿಗೆ ಹಂಚುವ ನಿಯಮಗಳು ಹಲವು ರಾಜ್ಯಗಳ ಕಾರಾಗೃಹ ಕೈಪಿಡಿಗಳಲ್ಲಿ ಬ್ರಿಟಿಷರ ಕಾಲದಿಂದ ಉಳಿದುಕೊಂಡಿದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರ್ 3ರಂದು ಅಂಥ ನಿಯಮಗಳನ್ನು ಅಸಾಂವಿಧಾನಿಕವೆಂದು ಸಾರಿತು. ನಿಯಮಪುಸ್ತಕವೇ ಒಬ್ಬನನ್ನು ಕೀಳೆಂದು ಬರೆದಿಟ್ಟಿದ್ದ ಜಾಗದಲ್ಲಿ, ಅವನ ಮೇಲೆ ಕೈಮಾಡಲು ಇತರರಿಗೆ ಬೇರೆ ಅಪ್ಪಣೆ ಬೇಕಿರಲಿಲ್ಲ.

ಬೇಲಿಯೇ ಹೊಲ ಮೇಯ್ದಾಗ

ಕಾಯಬೇಕಾದವರೇ ಹೊಡೆದ ಆರೋಪದ ಪ್ರಕರಣಗಳೂ ಇವೆ. 2017ರ ಜೂನ್ ತಿಂಗಳಲ್ಲಿ ಮುಂಬಯಿಯ ಬೈಕುಲಾ ಕಾರಾಗೃಹದ ಮಹಿಳಾ ವಿಭಾಗದಲ್ಲಿ ಕೈದಿಯೊಬ್ಬರು ಸತ್ತರು. ಉಪಾಹಾರದ ಮೊಟ್ಟೆ ಮತ್ತು ಪಾವ್‌ಗಳ ಲೆಕ್ಕ ತಪ್ಪಿದ ವಿಚಾರಕ್ಕೆ ಸಿಬ್ಬಂದಿ ಅವರನ್ನು ಥಳಿಸಿದರೆಂಬುದು ಆರೋಪ. ಕಾರಾಗೃಹದ ಆರು ಮಂದಿ ಮಹಿಳಾ ಸಿಬ್ಬಂದಿಯನ್ನು ಪೊಲೀಸರು ಬಂಧಿಸಿದರು. ಮರುದಿನ ಅಲ್ಲಿಯ ಕೈದಿಗಳು ದೊಡ್ಡ ಪ್ರತಿಭಟನೆ ನಡೆಸಿದರು. ಮೊಟ್ಟೆಗೆ ಅಲ್ಲಿ ಲೆಕ್ಕವಿತ್ತು. ಪೆಟ್ಟಿನ ದೂರನ್ನು ತಕ್ಷಣ ಹೊರಕ್ಕೆ ಮುಟ್ಟಿಸುವ ದಾರಿ ಇರಲಿಲ್ಲ.

ಆ ದಾರಿಯನ್ನು ನಮ್ಮ ದೇಶದಲ್ಲಿ ತೆರೆದದ್ದು ಒಂದು ಪತ್ರ. ದೆಹಲಿಯ ತಿಹಾರ್ ಕಾರಾಗೃಹದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ ಎಂಬ ಕೈದಿ, ಪಕ್ಕದ ಕೈದಿಯೊಬ್ಬನನ್ನು ವಾರ್ಡರನು ಹಣಕ್ಕಾಗಿ ಕ್ರೂರವಾಗಿ ಹಿಂಸಿಸಿದನೆಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರಿಗೆ ಕಾಗದ ಬರೆದನು. ಭೇಟಿಗೆ ಬರುವ ಬಂಧುಗಳಿಂದ ಹಣ ಕೀಳುವುದು ಆ ಹಿಂಸೆಯ ಉದ್ದೇಶವಾಗಿತ್ತು. ನ್ಯಾಯಾಲಯ ಆ ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸಿತು. 1979ರ ಡಿಸೆಂಬರಿನಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಕೇರಳದ ಓದುಗರಿಗೆ ಅವರು ಅಪರಿಚಿತರಲ್ಲ. ತಲಶ್ಶೇರಿಯಲ್ಲಿ ವಕೀಲರಾಗಿದ್ದವರು, 1948ರಲ್ಲಿ ಸ್ವತಃ ಸೆರೆವಾಸ ಕಂಡವರು, 1957ರ ಕೇರಳದ ಮೊದಲ ಚುನಾಯಿತ ಸಚಿವ ಸಂಪುಟದಲ್ಲಿ ಕಾರಾಗೃಹ ಖಾತೆಯನ್ನೂ ನೋಡಿಕೊಂಡವರು.

ಆ ತೀರ್ಪಿನ ಆದೇಶಗಳು ಸರಳವಾಗಿದ್ದವು. ಕೈದಿಗಳು ದೂರು ಹಾಕಲು ಪೆಟ್ಟಿಗೆಗಳಿರಬೇಕು. ಅವು ಜಿಲ್ಲಾ ಮ್ಯಾಜಿಸ್ಟ್ರೇಟರ ಹಾಗೂ ಸೆಷನ್ಸ್ ನ್ಯಾಯಾಧೀಶರ ಅಧೀನದಲ್ಲಿರಬೇಕು. ನ್ಯಾಯಾಧೀಶರು ಕಾರಾಗೃಹಕ್ಕೆ ಹೋಗಿ ಕೈದಿಗಳ ಮಾತು ಕೇಳಬೇಕು. ಕೈದಿಯ ಹಕ್ಕುಗಳನ್ನು ತಿಳಿಸುವ ಕೈಪಿಡಿಯನ್ನು ಹಿಂದಿಯಲ್ಲಿ ಸಿದ್ಧಪಡಿಸಿ ಹಂಚಬೇಕು. ದೆಹಲಿಯ ಕೈದಿಗಳಿಗೆ ತಿಳಿಯುವ ಭಾಷೆ ಹಿಂದಿಯಾದ್ದರಿಂದ ಹಿಂದಿ. ಇದೇ ನ್ಯಾಯವನ್ನು ಕನ್ನಡ ಮಾತ್ರ ಓದಬಲ್ಲ ಕೈದಿಗೆ ಅನ್ವಯಿಸಿದರೆ ಆ ಕೈಪಿಡಿ ಯಾವ ಭಾಷೆಯಲ್ಲಿರಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಕ್ಯಾಮರಾ ಮತ್ತು ಪೆಟ್ಟಿಗೆ

ಸೆರೆಮನೆಯಲ್ಲಿ ಹಿಂಸೆ ನಡೆದಾಗಲೆಲ್ಲ ಹೆಚ್ಚು ಕ್ಯಾಮರಾ ಹಾಕುವ ಘೋಷಣೆ ಬರುತ್ತದೆ. ಕ್ಯಾಮರಾ ಬೇಕೇ ಬೇಕು. ಎಲ್ಲ ಕಾರಾಗೃಹಗಳಲ್ಲಿ ಅವನ್ನು ಅಳವಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿಯೇ ಹೇಳಿದೆ. ಆದರೆ 2023ರ ಮೇ ತಿಂಗಳಲ್ಲಿ ತಿಹಾರ್‌ನಲ್ಲಿ ವಿರೋಧಿ ಗುಂಪಿನವರು ಕೈದಿಯೊಬ್ಬನನ್ನು ಇರಿದು ಕೊಂದದ್ದು ಕ್ಯಾಮರಾದ ಕಣ್ಣೆದುರಿಗೇ. ಸಿಬ್ಬಂದಿ ಸಮೀಪದಲ್ಲಿದ್ದರೂ ದಾಳಿ ಮುಂದುವರಿದದ್ದನ್ನು ಆ ದೃಶ್ಯಗಳಲ್ಲಿ ದೇಶವೆಲ್ಲ ಕಂಡಿತು. ಕ್ಯಾಮರಾ ನಡೆದದ್ದನ್ನು ದಾಖಲಿಸುತ್ತದೆ. ತಡೆಯುವ ಕೆಲಸ ಮನುಷ್ಯರದ್ದು.

ಅದೇ ತಿಹಾರ್‌ನಲ್ಲಿ ಇನ್ನೊಂದು ಬಗೆಯ ಪ್ರಯತ್ನವೂ ನಡೆದಿದೆ. 1993ರಿಂದ 1995ರವರೆಗೆ ಅಲ್ಲಿ ಕಾರಾಗೃಹಗಳ ಮಹಾನಿರೀಕ್ಷಕರಾಗಿದ್ದ ಕಿರಣ್ ಬೇಡಿಯವರ ಕಾಲದಲ್ಲಿ, ಬೀಗ ಹಾಕಿದ ದೂರಿನ ಪೆಟ್ಟಿಗೆಯೊಂದು ವಾರ್ಡಿನಿಂದ ವಾರ್ಡಿಗೆ ಸಂಚರಿಸತೊಡಗಿತು. ಪೆಟ್ಟಿಗೆ ಒಂದೇ ಕಡೆ ಗೋಡೆಗೆ ತೂಗುತ್ತಿದ್ದರೆ, ಅದರ ಬಳಿಗೆ ಹೋದವನಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಪೆಟ್ಟಿಗೆಯೇ ಎಲ್ಲರ ಬಳಿಗೆ ಬಂದರೆ ಆ ಭಯವಿಲ್ಲ. ಅಕ್ಷರ ಬಲ್ಲ ಕೈದಿಗಳು ಬಾರದವರಿಗೆ ಕಲಿಸಿದರು. 1994ರ ಏಪ್ರಿಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ವಿಪಶ್ಯನ ಧ್ಯಾನಶಿಬಿರದಲ್ಲಿ ಕುಳಿತರು. ಧ್ಯಾನದ ಸುದ್ದಿ ಲೋಕಪ್ರಸಿದ್ಧವಾಯಿತು. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಕೆಲಸವನ್ನು ಮಾಡಿದ್ದು ಆ ಸಂಚರಿಸುವ ಪೆಟ್ಟಿಗೆ. ಬಲಶಾಲಿಯನ್ನು ಕೇಳದೆಯೇ ದುರ್ಬಲನ ಮಾತು ಅಧಿಕಾರಿಗೆ ಮುಟ್ಟುವ ದಾರಿ ಅದು. ಎರಡೇ ವರ್ಷಗಳಲ್ಲಿ ಅಧಿಕಾರಿ ಬದಲಾದರು. ಒಬ್ಬರ ಉತ್ಸಾಹಕ್ಕೆ ಕಟ್ಟಿಕೊಂಡ ಸುಧಾರಣೆ ಅವರೊಂದಿಗೇ ಹೊರಟುಹೋಗುವ ಅಪಾಯವಿದೆ. ಅದು ನಿಯಮವಾಗಿ ಬರೆದಿದ್ದರೆ ಮಾತ್ರ ನಿಲ್ಲುತ್ತದೆ.

ನಮ್ಮ ಗಡಿಯಲ್ಲೇ ಬೀಗವಿಲ್ಲದ ಸೆರೆಮನೆ

ಹೊಸ ದಾರಿಗಳನ್ನು ಹುಡುಕಿ ನಾವು ದೂರದೇಶಗಳಿಗೆ ಹೋಗಬೇಕಿಲ್ಲ. ಜತ್ತ ತಾಲೂಕಿನ ಕನ್ನಡ ಶಾಲೆಗಳಿರುವ ಸಾಂಗ್ಲಿ ಜಿಲ್ಲೆಯಲ್ಲಿಯೇ ಆಟಪಾಡಿ ಇದೆ. ಆಟಪಾಡಿಯ ಬಳಿ ಔಂಧ್ ಸಂಸ್ಥಾನದ ಅರಸರಾಗಿದ್ದ ಭವಾನರಾವ್ ಪಂತ ಪ್ರತಿನಿಧಿಯವರು 1939ರಲ್ಲಿ ಸ್ವತಂತ್ರಪುರವೆಂಬ ಬಯಲು ಬಂದೀಖಾನೆಯನ್ನು ಸ್ಥಾಪಿಸಿದರು. ಅದಕ್ಕೆ ಒತ್ತಾಸೆಯಾಗಿ ನಿಂತವರು ಪೋಲೆಂಡಿನ ಇಂಜಿನಿಯರ್ ಮಾರಿಸ್ ಫ್ರಿಡ್‌ಮನ್. ಅದಕ್ಕೂ ಮುನ್ನ ಅವರು ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ವಿದ್ಯುತ್ ಉಪಕರಣಗಳ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದರು. ಕೊಲೆಯಂಥ ಗಂಭೀರ ಅಪರಾಧಗಳಿಗೆ ಶಿಕ್ಷೆಯಾದವರಿಗೂ ಅಲ್ಲಿ ಹೊಲ ಕೊಟ್ಟು ದುಡಿಯಲು ಬಿಟ್ಟರು, ಕುಟುಂಬದೊಂದಿಗೆ ಬದುಕಲು ಅವಕಾಶ ಕೊಟ್ಟರು. ವಿ. ಶಾಂತಾರಾಮರ 1957ರ 'ದೋ ಆಂಖೇಂ ಬಾರಹ್ ಹಾಥ್' ಚಿತ್ರಕ್ಕೆ ಪ್ರೇರಣೆಯಾದದ್ದು ಈ ಪ್ರಯೋಗವೇ.

ಕಾಸರಗೋಡು ಜಿಲ್ಲೆಯ ಚೀಮೇನಿಯಲ್ಲಿಯೂ ಬಯಲು ಕಾರಾಗೃಹವಿದೆ; ಅಲ್ಲಿಯ ಕೈದಿಗಳು ಕೃಷಿ ಮಾಡುತ್ತಾರೆ. ರಾಜಸ್ಥಾನದ ಸಾಂಗಾನೇರ್‌ನಲ್ಲಿ ಶಿಕ್ಷೆಗೊಳಗಾದವರು ಹೆಂಡತಿ ಮಕ್ಕಳೊಂದಿಗೆ ವಾಸಿಸುತ್ತ, ಹಗಲು ಹೊರಗೆ ದುಡಿದು, ಸಂಜೆಯ ಹಾಜರಿಗೆ ಮರಳುತ್ತಾರೆ. ದೇಶದ 1,330 ಕಾರಾಗೃಹಗಳಲ್ಲಿ ಇಂಥವು 2022ರಲ್ಲಿ 91 ಇದ್ದವು.

ಇಂಥ ಕಡೆಗಳಿಗೆ ಕಳುಹಿಸುವುದು ಕೆಲವು ವರ್ಷ ಸನ್ನಡತೆಯಿಂದ ಇದ್ದವರನ್ನು ಆರಿಸಿ ಎಂಬುದು ನಿಜ. ಎಲ್ಲರನ್ನೂ ನಾಳೆಯೇ ಬಯಲಿಗೆ ಬಿಡಬೇಕೆಂದು ನಾವು ಹೇಳುತ್ತಿಲ್ಲ. ವಿಚಾರಣಾಧೀನರಿಗೆ ಈ ಅವಕಾಶ ಸಾಮಾನ್ಯವಾಗಿ ಇಲ್ಲ. ಆದರೆ ಅವು ಕಲಿಸುವ ಪಾಠ ಎಲ್ಲ ಕಾರಾಗೃಹಗಳಿಗೂ ಸಲ್ಲುತ್ತದೆ. ಮಾಡಲು ಕೆಲಸ, ಕಾಣಲು ಕುಟುಂಬ, ನಾಳೆಯ ಬಗ್ಗೆ ಒಂದು ಲೆಕ್ಕ ಇರುವವನಿಗೆ ಕಳೆದುಕೊಳ್ಳಲು ಏನೋ ಒಂದು ಇರುತ್ತದೆ. ಆದ್ದರಿಂದಲೇ ಅವನು ಕೈ ಎತ್ತುವ ಮುನ್ನ ಯೋಚಿಸುತ್ತಾನೆ. ಮೈಸೂರಿನ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ಕರ್ನಾಟಕದ ಕಾರಾಗೃಹಗಳಲ್ಲಿ ಕೈದಿಗಳಿಂದ ಕನ್ನಡ ನಾಟಕಗಳನ್ನಾಡಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದಾಗ ಸಾಧಿಸಿದ್ದೂ ಇದನ್ನೇ.

ಭಾಷೆಯೂ ಒಂದು ರಕ್ಷಣೆ

ಈಗ ನಮ್ಮ ಮನೆಯಂಗಳದ ಮಾತಿಗೆ ಬರೋಣ. ಮಂಜೇಶ್ವರದವನಿಗೆ ಶಿಕ್ಷೆಯಾದರೆ ಕಣ್ಣೂರು, ತಾಳವಾಡಿಯವನಿಗಾದರೆ ಕೊಯಮತ್ತೂರು, ಅಕ್ಕಲಕೋಟೆಯವನಿಗಾದರೆ ಪುಣೆಯ ಯರವಡಾ, ಮಡಕಶಿರಾದವನಿಗಾದರೆ ಕಡಪ ಎಂಬಂತೆ, ಅವನನ್ನು ಕಳುಹಿಸಬಹುದಾದ ಕೇಂದ್ರ ಕಾರಾಗೃಹ ಬೇರೊಂದು ಭಾಷೆಯ ನಡುವೆ ಇದೆ. ರಾಜ್ಯಭಾಷೆಯನ್ನು ಸಂತೆಯ ಮಟ್ಟಿಗೆ ಆಡಬಲ್ಲ ನಮ್ಮವರು ಎಷ್ಟೋ ಮಂದಿ ಅದನ್ನು ಓದಲಾರರು, ಬರೆಯಲಾರರು. ಗೋಡೆಯ ಮೇಲೆ ನಿಯಮಗಳಿದ್ದರೂ ಅವರ ಪಾಲಿಗೆ ಅವು ಗೆರೆಗಳಷ್ಟೆ. ದೂರಿನ ಪೆಟ್ಟಿಗೆಯಿದ್ದರೂ ಬರೆದುಕೊಡಲು ಇನ್ನೊಬ್ಬನನ್ನು ಬೇಡಬೇಕು. ಬೇಡಿದಾಕ್ಷಣ ಗುಟ್ಟು ಉಳಿಯುವುದಿಲ್ಲ. 'ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಮಾತು ತಿಳಿಯದ ಊರಿನ ಸೆರೆಯಲ್ಲಿ ಆ ಗಾದೆಯ ಇನ್ನೊಂದು ಮಗ್ಗುಲು ಕಾಣುತ್ತದೆ. ವಾರ್ಡರನ ಆಜ್ಞೆಯನ್ನು ತಡವಾಗಿ ಅರ್ಥಮಾಡಿಕೊಂಡದ್ದು ಅವಿಧೇಯತೆಯೆನಿಸುತ್ತದೆ. ಉತ್ತರಿಸಲು ಪದ ಹುಡುಕುತ್ತ ನಿಂತದ್ದು ಸೊಕ್ಕೆನಿಸುತ್ತದೆ.

ಮಂಡೇಲಾ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಒಳಬಂದ ಕೈದಿಗೆ ಅವನ ಹಕ್ಕು, ಕರ್ತವ್ಯ, ದೂರು ಕೊಡುವ ವಿಧಾನ ಇವುಗಳ ಲಿಖಿತ ಮಾಹಿತಿಯನ್ನು ಅಲ್ಲಿಯ ಕೈದಿಗಳು ಹೆಚ್ಚಾಗಿ ಬಳಸುವ ಭಾಷೆಗಳಲ್ಲಿ ಕೊಡಬೇಕು. ಅವು ತಿಳಿಯದವನಿಗೆ ದುಭಾಷಿಯ ನೆರವು ಒದಗಿಸಬೇಕು. ಶಿಸ್ತಿನ ವಿಚಾರಣೆಯ ಭಾಷೆ ತಿಳಿಯದ ಕೈದಿಗೆ ಉಚಿತವಾಗಿ ದುಭಾಷಿಯನ್ನು ಕೊಡಬೇಕು. ಸಾಧ್ಯವಾದ ಮಟ್ಟಿಗೆ ಕೈದಿಯನ್ನು ಅವನ ಮನೆಗೆ ಹತ್ತಿರವಿರುವ ಕಾರಾಗೃಹದಲ್ಲಿಡಬೇಕು. ಈ ನಿಯಮಗಳು ನಮ್ಮಲ್ಲಿ ನೇರವಾಗಿ ಕಾನೂನಲ್ಲ. ಕಾರಾಗೃಹ ರಾಜ್ಯಗಳ ವಿಷಯವಾದ್ದರಿಂದ ಪ್ರತಿ ರಾಜ್ಯವೂ ತನ್ನ ನಿಯಮಾವಳಿಯಲ್ಲಿ ಇವನ್ನು ಸೇರಿಸಿಕೊಳ್ಳಬೇಕು. ಆದರೆ ಇವುಗಳ ತಿರುಳು ನಮ್ಮ ನ್ಯಾಯಾಲಯಗಳಿಗೆ ಹೊಸದಲ್ಲ. ಮುನ್ನೆಚ್ಚರಿಕೆಯ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು, ಹಿಂದಿ ಪ್ರತಿ ಕೇಳಿದ ಬಂಧಿತನಿಗೆ ಅದನ್ನು ನಿರಾಕರಿಸಿದ ಹರಿಕಿಸನ್ ಪ್ರಕರಣದಲ್ಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡದ ಕಾರಣಗಳು ಕೊಟ್ಟಂತೆ ಆಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1962ರಲ್ಲಿಯೇ ಹೇಳಿದೆ.

ಕೈದಿಗಳ ಭಾಷೆ ತಿಳಿಯದ ಕಾವಲುಗಾರರಿದ್ದರೆ ಒಳಸಂಚಿಗೆ ಅವಕಾಶವಿರದು ಎಂಬ ವಾದವೂ ಉಂಟು. ಹೊರಗೋಡೆಯ ಕಾವಲಿಗೆ ಆ ಮಾತು ಒಪ್ಪಬಹುದು. ಬ್ಯಾರಕ್ಕಿನೊಳಗೆ ಮಾತ್ರ, ಜಗಳ ಹೊತ್ತಿಕೊಳ್ಳುವ ಮುನ್ನ ಅದರ ಹೊಗೆ ಕಾಣುವುದು ಮಾತಿನಲ್ಲಿಯೇ. ಯಾರು ಯಾರನ್ನು ಬೆದರಿಸುತ್ತಿದ್ದಾರೆ, ಯಾರು ಎರಡು ದಿನದಿಂದ ಊಟ ಬಿಟ್ಟಿದ್ದಾರೆ, ಯಾರು ಮೂಲೆ ಹಿಡಿದು ಕುಳಿತಿದ್ದಾರೆ ಎಂಬುದನ್ನು ಮಾತನಾಡಿಸಬಲ್ಲ ಸಿಬ್ಬಂದಿಯೇ ಮೊದಲು ಅರಿಯುತ್ತಾರೆ. ಮಂಡೇಲಾ ನಿಯಮಗಳು ಸಿಬ್ಬಂದಿಯ ತರಬೇತಿಯಲ್ಲಿ ಸಂಧಾನ, ಮಧ್ಯಸ್ಥಿಕೆಗಳನ್ನು ಸೇರಿಸಿರುವುದು ಇದಕ್ಕಾಗಿಯೇ. ಅಧೀಕ್ಷಕರೂ ಬಹುಪಾಲು ಸಿಬ್ಬಂದಿಯೂ ಹೆಚ್ಚಿನ ಕೈದಿಗಳಿಗೆ ತಿಳಿಯುವ ಭಾಷೆಯನ್ನು ಆಡಬಲ್ಲವರಾಗಿರಬೇಕು, ಅಗತ್ಯವಿದ್ದಾಗ ದುಭಾಷಿಯನ್ನು ಬಳಸಬೇಕು ಎಂದೂ ಅವು ಹೇಳುತ್ತವೆ.

ಕುಟುಂಬಗಳು ಮಾಡಬಹುದಾದದ್ದು

ಮನೆಯವರೊಬ್ಬರು ಒಳಗಿದ್ದಾರೆಂದಾದರೆ, ನಾಚಿಕೆಯಿಂದ ಬಾಗಿಲು ಮುಚ್ಚಿಕೊಳ್ಳುವುದು ಅವರ ಅಪಾಯವನ್ನು ಹೆಚ್ಚಿಸುತ್ತದೆ. ಕೇಳುವವರಿಲ್ಲದ ಕೈದಿಯ ಮೇಲೆ ಕೈಮಾಡಲು ಯಾರೂ ಹಿಂಜರಿಯುವುದಿಲ್ಲ. ಆದುದರಿಂದ ಮೊದಲನೆಯದು, ಭೇಟಿಯನ್ನು ತಪ್ಪಿಸಬಾರದು. ದೂರವಾದರೆ ಇ-ಮುಲಾಖಾತ್ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿ ವಿಡಿಯೋ ಮೂಲಕ ಮಾತನಾಡುವ ಅವಕಾಶವಿದೆ. ಮೈಮೇಲೆ ಗಾಯವಿದೆಯೇ, ನಿದ್ದೆ ಬರುತ್ತಿದೆಯೇ, ಯಾರಾದರೂ ಹಣ ಕೇಳುತ್ತಿದ್ದಾರೆಯೇ ಎಂದು ನೇರವಾಗಿ ಕೇಳಬೇಕು.

ಎರಡನೆಯದು, ವಕೀಲರ ವಿಚಾರ. ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಉಚಿತ ವಕೀಲರನ್ನು ಪಡೆಯಲು ಅರ್ಹರು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100. ಪ್ರತಿ ಜಿಲ್ಲೆಯಲ್ಲಿಯೂ ಪ್ರಾಧಿಕಾರದ ಕಚೇರಿ ಇದೆ. ಕನ್ನಡ ಬಲ್ಲ ವಕೀಲರನ್ನೋ ಕಾನೂನು ಸ್ವಯಂಸೇವಕರನ್ನೋ ಕೊಡಿ ಎಂದು ಅರ್ಜಿಯಲ್ಲಿಯೇ ಬರೆಯಬೇಕು. ಕೇಳುವುದಕ್ಕೆ ಸಂಕೋಚ ಬೇಡ.

ಮೂರನೆಯದು, ದಿನಗಳ ಲೆಕ್ಕ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಆರೋಪಿತ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದ ವಿಚಾರಣಾಧೀನರು ಜಾಮೀನಿಗೆ ಅರ್ಹರು. ಹಿಂದೆಂದೂ ಶಿಕ್ಷೆಯಾಗದವರಿಗೆ ಮೂರನೆಯ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಪ್ರಕರಣಗಳಿರುವವರಿಗೂ ನಿರ್ಬಂಧವಿದೆ. ಈ ಅರ್ಜಿಯನ್ನು ನ್ಯಾಯಾಲಯಕ್ಕೆ ಕಳುಹಿಸುವುದು ಕಾರಾಗೃಹ ಅಧೀಕ್ಷಕರ ಕರ್ತವ್ಯ. ಮನೆಯವರು ದಿನ ಎಣಿಸಿಟ್ಟು ನೆನಪಿಸಬೇಕು. ಜಾಮೀನಿನ ಹಣಕ್ಕೆ ದಿಕ್ಕಿಲ್ಲದ ಬಡ ಕೈದಿಗಳಿಗೆಂದು 2023ರಿಂದ ಕೇಂದ್ರದ ಯೋಜನೆಯೊಂದಿದೆ. ಅದರ ಬಗ್ಗೆಯೂ ಜಿಲ್ಲಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು.

ನಾಲ್ಕನೆಯದು, ಹಲ್ಲೆಯ ದೂರು. ಹೊಡೆತದ ಸುಳಿವು ಸಿಕ್ಕರೆ ದಿನಾಂಕ ಹಾಕಿ, ಗಾಯ ಎಲ್ಲಿದೆಯೆಂದು ಬರೆದು, ವೈದ್ಯಕೀಯ ತಪಾಸಣೆಯಾಗಬೇಕೆಂದು ಕೋರಿ, ಅಧೀಕ್ಷಕರಿಗೂ ಜಿಲ್ಲಾ ಸೆಷನ್ಸ್ ನ್ಯಾಯಾಧೀಶರಿಗೂ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಏಕಕಾಲಕ್ಕೆ ಅರ್ಜಿ ಕೊಡಬೇಕು. ಮುಂದಿನ ಹಾಜರಿಯ ದಿನ ನ್ಯಾಯಾಧೀಶರಿಗೆ ನೇರವಾಗಿ ಹೇಳುವಂತೆ ಒಳಗಿರುವವರಿಗೆ ಧೈರ್ಯ ತುಂಬಬೇಕು. ಸುಲಿಗೆಗೆ ಹಣ ಕಳುಹಿಸಿ ಪಾರಾಗುವ ಯತ್ನ ಬೇಡ. ಒಮ್ಮೆ ಕೊಟ್ಟವರ ಬಳಿಗೆ ಅವರು ಮತ್ತೆ ಬರುತ್ತಾರೆ.

ಸಂಘಟನೆಗಳು ಕೇಳಬೇಕಾದದ್ದು

ಕನ್ನಡ ಸಂಘಗಳು, ಶಿಕ್ಷಕರ ಕೂಟಗಳು ತಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಈ ನಾಲ್ಕು ಸಾಲುಗಳನ್ನೂ ಸೇರಿಸಬೇಕೆಂಬುದು ನಮ್ಮ ವಿನಂತಿ. ಕಾರಾಗೃಹದ ಪ್ರವೇಶ ದಾಖಲೆಯಲ್ಲಿ ಕೈದಿಯ ಮಾತೃಭಾಷೆಯನ್ನೂ ಅವನು ಓದಬಲ್ಲ ಲಿಪಿಯನ್ನೂ ಬರೆಯಬೇಕು. ಗಡಿ ಜಿಲ್ಲೆಗಳ ಕಾರಾಗೃಹಗಳಲ್ಲಿ ನಿಯಮಗಳ ಫಲಕವೂ ದೂರಿನ ನಮೂನೆಯೂ ಕನ್ನಡದಲ್ಲಿ ಇರಬೇಕು. ಕಾರಾಗೃಹಕ್ಕೆ ಭೇಟಿ ಕೊಡುವ ಸಂದರ್ಶಕ ಮಂಡಳಿಯ ಅಧಿಕಾರೇತರ ಸದಸ್ಯರಲ್ಲಿ ಕನ್ನಡ ಬಲ್ಲವರೊಬ್ಬರಿರಬೇಕು. ಅಲ್ಲಿಯ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕ, ಪತ್ರಿಕೆಗಳಿರಬೇಕು. ಅವನ್ನು ಒದಗಿಸಲು ನಮ್ಮ ಶಾಲೆಗಳೇ ಮುಂದಾಗಬಹುದು. ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಕಿಲ್ಲ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ತಾಯ್ನುಡಿಯಲ್ಲಿ ಪಾಠ ಕೇಳುವ ನಾವು, ಅದೇ ಮಕ್ಕಳ ತಂದೆಯೋ ಅಣ್ಣನೋ ಸಂಕಟದಲ್ಲಿರುವಾಗ ಅವರ ನುಡಿಯಲ್ಲಿ ಒಂದು ಫಲಕವನ್ನಾದರೂ ಕೇಳದಿದ್ದರೆ, ನಮ್ಮ ಹೋರಾಟ ಶಾಲೆಯ ಗೇಟಿನಲ್ಲಿಯೇ ನಿಂತುಬಿಡುತ್ತದೆ.

ಶಿಕ್ಷಕರ ಪಾಲಿನ ಕೆಲಸವೊಂದು ಉಳಿದಿದೆ. ತಂದೆ ಒಳಗಿರುವ ಮಗು ತರಗತಿಯಲ್ಲಿದ್ದರೆ ಆ ಸುದ್ದಿ ಸಿಬ್ಬಂದಿ ಕೊಠಡಿಯ ಹರಟೆಯಾಗಬಾರದು. 'ತಂದೆಯ ಉದ್ಯೋಗ' ಎಂಬ ಕಾಲಮನ್ನು ಎಲ್ಲರೆದುರು ಕೂಗಿ ಕೇಳಿ ತುಂಬುವ ರೂಢಿಯನ್ನು ಬಿಡಬೇಕು. ಮನೆಗೆ ಬಂದ ಕಾಗದವನ್ನು ಹೆದರದೆ ಶಾಲೆಗೆ ತನ್ನಿ, ಓದಿ ಹೇಳುತ್ತೇವೆ ಎಂದು ಪೋಷಕರ ಸಭೆಯಲ್ಲಿ ಎಲ್ಲರಿಗೂ ಒಟ್ಟಾಗಿ ಹೇಳಿಬಿಟ್ಟರೆ, ಯಾರೊಬ್ಬರೂ ತಲೆತಗ್ಗಿಸಿ ಬರಬೇಕಾಗುವುದಿಲ್ಲ.

ಪೆಟ್ಟಿಗೆಯ ತಳದಲ್ಲಿ ಐದು ವಾರ ಕಳೆದ ಆ ಕಾಗದವನ್ನು ಓದಿ ಹೇಳಲು ನಮಗೆ ಬೇಕಾದದ್ದು ಐದು ನಿಮಿಷ. ಆ ತಾಯಿ ಮರುದಿನವೇ ವಕೀಲರನ್ನು ಕಂಡರು. ಮಗುವಿನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಆ ಐದು ವಾರಗಳ ಗೈರುಹಾಜರಿಯ ಗುರುತುಗಳು ಇಂದಿಗೂ ಹಾಗೆಯೇ ಇವೆ.